ಅಡ್ವಾನ್ಸ್ ಕೊಡುವ ಮೊದಲು ಅಳೆಸಿ ನೋಡಿ
ಓದುಗರ ಪ್ರಶ್ನೆ – ತಜ್ಞರ ಉತ್ತರ | ಈ ಸಲದ ವಿಷಯ: ಹಳ್ಳಿಮನೆ ಖರೀದಿ ಮತ್ತು ಸರ್ವೆ

ಪ್ರಶ್ನೆ: ಹಿರಿಯಡಕದ ಹತ್ತಿರ 30 ಸೆಂಟ್ಸ್ ಜಾಗ, ಹಂಚಿನ ಮನೆ ಮಾರಾಟಕ್ಕಿದೆ. ಆರ್‌ಟಿಸಿ (ಪಹಣಿ), ಇ.ಸಿ. (ಋಣಭಾರ ಪತ್ರ) ಎಲ್ಲ ನೋಡಿ ವಕೀಲರು ಸರಿಯಿದೆ ಅಂದಿದ್ದಾರೆ. ಸುತ್ತ ಪಾಗಾರವೂ ಇದೆ. ಇಷ್ಟಾದ ಮೇಲೂ ಸರ್ವೆ ಬೇಕೆ? ಬೇಕಾದರೆ ಯಾರಿಂದ ಮಾಡಿಸುವುದು?
– ಓದುಗರೊಬ್ಬರು, ಮಂಗಳೂರು

ಬೇಕೇ ಬೇಕು. ಜಾಗ ಯಾರದ್ದು ಎಂಬುದನ್ನು ವಕೀಲರು ಹೇಳುತ್ತಾರೆ. ಅದು ನೆಲದ ಮೇಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅಳತೆಯೇ ಹೇಳಬೇಕು. ಪಾಗಾರವನ್ನು ನಂಬಬೇಡಿ. ಕಟ್ಟುವಾಗ ಮರ ಉಳಿಸಲಿಕ್ಕೆ, ಮಳೆನೀರಿಗೆ ಜಾಗ ಬಿಡಲಿಕ್ಕೆ, ಹಳೆಯ ಅಗಳಿನ ಮಣ್ಣು ಸಡಿಲ ಇದ್ದುದಕ್ಕೆ ಅದನ್ನು ಎರಡು ಮೂರು ಅಡಿ ಆಚೀಚೆ ಮಾಡಿರುತ್ತಾರೆ. ಹತ್ತು ವರ್ಷ ಕಳೆದರೆ ಎಲ್ಲರೂ ಅದನ್ನೇ ಗಡಿ ಅಂದುಕೊಳ್ಳುತ್ತಾರೆ.

ಮೂರು ಸಂಗತಿಗಳು ತಾಳೆಯಾಗಬೇಕು. ಒಂದು, ಸರ್ವೆ ಇಲಾಖೆಯ ನಕ್ಷೆ. ಅವಿಭಜಿತ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸ್ ಆಡಳಿತದಲ್ಲಿ ಇದ್ದುದರಿಂದ ನಮ್ಮಲ್ಲಿ ಇರುವುದು ಎಫ್‌ಎಂಬಿ (ಫೀಲ್ಡ್ ಮೆಜರ್‌ಮೆಂಟ್ ಬುಕ್) ನಕ್ಷೆ. ಹಳೆ ಮೈಸೂರು ಕಡೆಯವರು ಹೇಳುವ ಟಿಪ್ಪಣಿ ಇಲ್ಲಿ ಸಿಗುವುದಿಲ್ಲ. ಎರಡು, ಕ್ರಯಪತ್ರದ ಷೆಡ್ಯೂಲಿನಲ್ಲಿ ಬರೆದ ವಿಸ್ತೀರ್ಣ ಮತ್ತು ಚಕ್ಕುಬಂದಿ (ನಾಲ್ಕೂ ಬದಿಯ ಗಡಿ ವಿವರ). ಮೂರು, ಇವತ್ತು ಮಾರುವವರ ಸ್ವಾಧೀನದಲ್ಲಿ ನಿಜವಾಗಿ ಇರುವ ನೆಲ. ಮೂರೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರು ಮಾಡಿದವು. ವ್ಯತ್ಯಾಸ ಇದ್ದರೆ ಅಡ್ವಾನ್ಸ್ ಕೊಡುವ ಮೊದಲೇ ತಿಳಿಯಬೇಕು, ಯಾಕೆಂದರೆ ಆಮೇಲೆ ಅದನ್ನು ಸರಿಪಡಿಸುವ ತುರ್ತು ಮಾರುವವರಿಗೆ ಇರುವುದಿಲ್ಲ.

ಯಾರಿಂದ ಎಂಬುದಕ್ಕೆ ಉತ್ತರ ಎರಡು ಹಂತದ್ದು. ಮೊದಲು ಟೋಟಲ್ ಸ್ಟೇಷನ್ ಎಂಬ ಅಳತೆ ಯಂತ್ರ ಇಟ್ಟುಕೊಂಡ ಖಾಸಗಿ ಸರ್ವೆಯರ್‌ರಿಂದ ಸ್ವಾಧೀನದಲ್ಲಿರುವ ನೆಲವನ್ನು ಅಳೆಸಿ. ಮನೆ, ಬಾವಿ, ಶೌಚದ ಗುಂಡಿ, ದಾರಿ, ತೋಡು, ವಿದ್ಯುತ್ ಕಂಬ ಎಲ್ಲವೂ ನಕ್ಷೆಯಲ್ಲಿ ಬರಬೇಕು. ಅದನ್ನು ಎಫ್‌ಎಂಬಿ ಮೇಲೆ ಕೂರಿಸಿ ತೋರಿಸಲು ಹೇಳಿ. ಈ ನಕ್ಷೆ ನಿಮ್ಮ ತಿಳಿವಳಿಕೆಗೆ ಮಾತ್ರ. ನೆರೆಯವರು ಇದನ್ನು ಒಪ್ಪಬೇಕಾಗಿಲ್ಲ. ಗಡಿ ಅಧಿಕೃತವಾಗಿ ನಿಲ್ಲಬೇಕಾದರೆ ಸರ್ವೆ ಇಲಾಖೆಯಿಂದ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ, ಆಗಬೇಕು. ಅದಕ್ಕೆ ಅರ್ಜಿ ಹಾಕುವ ಹಕ್ಕು ಆರ್‌ಟಿಸಿಯಲ್ಲಿ ಹೆಸರಿರುವವರದ್ದು. ನೀವು ಖರೀದಿದಾರರು, ಹಾಕಲಾರಿರಿ. ಆದ್ದರಿಂದ ಮಾರುವವರೇ ಅರ್ಜಿ ಕೊಡಬೇಕೆಂದು ಮೊದಲ ಮಾತುಕತೆಯಲ್ಲೇ ಹೇಳಿ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಿ, ಅವರ ಎದುರೇ ಅಳತೆಯಾಗಿ ಕಲ್ಲು ಬೀಳುತ್ತದೆ. ಒಬ್ಬ ನೆರೆಯವರು ಸಹಿ ಹಾಕಲು ಹಿಂದೇಟು ಹಾಕಿದರೆ ಅಲ್ಲೇ ನಿಂತು ಕಾರಣ ಕೇಳಿ. ತಕರಾರು ಇರುವುದು ಆ ಬದಿಯಲ್ಲೇ. ನೀವು ಕೊಳ್ಳುವುದು ಸರ್ವೆ ನಂಬರಿನ ಒಂದು ಭಾಗ ಮಾತ್ರವಾಗಿ, ಅದು ಇನ್ನೂ ಕೃಷಿ ಜಮೀನೇ ಆಗಿದ್ದರೆ ಆ ಭಾಗವನ್ನು ಬೇರೆಯಾಗಿ ತೋರಿಸುವ 11ಇ ನಕ್ಷೆ ಆಗದೆ ನೋಂದಣಿ ಆಗುವುದಿಲ್ಲ.

ಅಳತೆಯ ದಿನ ನೀವೂ ಹೋಗಿ. ಹಿಂದಿನ ದಿನವೇ ಗಡಿ ಉದ್ದಕ್ಕೂ ಪೊದೆ ಸವರಿಸಿ, ಹಳೆಯ ಗಡಿಕಲ್ಲು ಮಣ್ಣಿನಡಿ ಇದ್ದರೆ ಬಿಡಿಸಿ ಇಡಲು ಹೇಳಿ. ಕೆಲಸ ಎಲ್ಲಿಂದ ಶುರುವಾಗುತ್ತದೆ ನೋಡಿ. ಪಕ್ಕದ ಸರ್ವೆ ನಂಬರುಗಳಿಗೂ ಕೂಡುವ, ಸರಿದಿರದ ಹಳೆಯ ಕಲ್ಲಿನಿಂದ ಶುರುವಾದರೆ ಒಳ್ಳೆಯದು. ಪಾಗಾರದ ಮೂಲೆಯನ್ನೇ ಆಧಾರ ಮಾಡಿಕೊಂಡರೆ ಪಾಗಾರದ ತಪ್ಪೆಲ್ಲ ನಕ್ಷೆಗೆ ಇಳಿಯುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಊರಿನಲ್ಲಿ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ಇದೆ. ಮೂಲೆಗಳು ನೇರ ಇಲ್ಲದ ಜಾಗಕ್ಕೆ ಈ ಲೆಕ್ಕ ಯಾವಾಗಲೂ ಹೆಚ್ಚೇ ಬರುತ್ತದೆ. 30 ಮತ್ತು 20 ಮೀಟರ್ ಬದಿಗಳ ಜಾಗದ ಮೂಲೆ 70 ಡಿಗ್ರಿಗೆ ವಾಲಿದ್ದರೆ ಗುಣಾಕಾರ 600 ಚದರ ಮೀಟರ್ ಹೇಳುತ್ತದೆ, ನಿಜದಲ್ಲಿ ಇರುವುದು 564. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್, ಅಂದರೆ 435.6 ಚದರ ಅಡಿ. ಹಾಗಾಗಿ ಹೋದದ್ದು ಹತ್ತಿರ ಹತ್ತಿರ ಒಂದು ಸೆಂಟ್ಸ್. ಕರ್ಣವನ್ನೂ ಅಳೆದರೆ ಈ ತಪ್ಪು ಆಗದು. ಇನ್ನೊಂದು, ಗುಡ್ಡದ ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಿ ಅಳೆಯುವುದು. ದಾಖಲೆಯ ವಿಸ್ತೀರ್ಣ ಸಮತಲದ್ದು. 20 ಡಿಗ್ರಿ ಇಳಿಜಾರಿನಲ್ಲಿ ಟೇಪು 30 ಮೀಟರ್ ತೋರಿಸಿದರೆ ಸಮತಲದಲ್ಲಿ ಅದು 28.2 ಮೀಟರ್ ಮಾತ್ರ. ಜಾಗವಿಡೀ ಹಾಗೆ ಇಳಿಜಾರಾಗಿದ್ದರೆ ನಿಮ್ಮ 30 ಸೆಂಟ್ಸ್‌ನಲ್ಲಿ ಸುಮಾರು 1.8 ಸೆಂಟ್ಸ್ ಕಾಗದದಲ್ಲೇ ಉಳಿಯುತ್ತದೆ.

ಆರ್‌ಟಿಸಿಯ 11ನೇ ಕಾಲಮ್ಮನ್ನು ನೀವೇ ಒಮ್ಮೆ ಓದಿ. ಸೊಸೈಟಿ ಸಾಲ, ಕೋರ್ಟು ತಡೆ ಅಲ್ಲಿ ನಮೂದಾಗಿರಬೇಕು. ವಿಸ್ತೀರ್ಣದ ಕಾಲಮ್ಮಿನಲ್ಲಿ ಖರಾಬು ‘ಬಿ’ ಇದ್ದರೆ ಅದು ದಾರಿ, ತೋಡಿನಂಥ ಸಾರ್ವಜನಿಕ ಬಳಕೆಯ ನೆಲ. ಅದಕ್ಕೆ ದುಡ್ಡು ಕೊಡಬೇಡಿ.

ಪ್ರಶ್ನೆ: ಮೂಡುಬಿದಿರೆ ಕಡೆ ಒಂದು ಮನೆ ನೋಡಿದೆವು. ‘ವರ್ಗ (ಪಟ್ಟಾ ಜಾಗ) 50 ಸೆಂಟ್ಸ್, ಅದರ ಜೊತೆ ಒಂದು ಎಕರೆ ಕುಮ್ಕಿ, ಎಲ್ಲ ಸೇರಿ ಇಷ್ಟು’ ಎಂದು ಒಟ್ಟು ರೇಟು ಹೇಳುತ್ತಿದ್ದಾರೆ. ಕುಮ್ಕಿಯಲ್ಲಿ ಅಡಿಕೆ ತೋಟವಿದೆ, ಬಾವಿಯೂ ಅಲ್ಲೇ ಇದೆ. ತೆಗೆದುಕೊಳ್ಳಬಹುದೆ?
– ಓದುಗರೊಬ್ಬರು, ಸುರತ್ಕಲ್

ಕುಮ್ಕಿ ಸರಕಾರಿ ಜಾಗ. ವರ್ಗದ ಗಡಿಯಿಂದ 100 ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಸವಲತ್ತು ವರ್ಗದಾರರಿಗೆ ಮೊದಲಿನಿಂದ ಇದೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಮುಂದುವರಿಸಿದೆ. ಸವಲತ್ತನ್ನು ಮಾಲೀಕತ್ವದ ಹಾಗೆ ಮಾರಲಾಗದು. ನಿಮಗೆ ನೋಂದಣಿಯಾಗುವುದು 50 ಸೆಂಟ್ಸ್ ಮಾತ್ರ, ಆದ್ದರಿಂದ ರೇಟೂ ಅಷ್ಟಕ್ಕೇ ನಿಲ್ಲಬೇಕು. ತೋಟ ಎಷ್ಟು ಚೆನ್ನಾಗಿದೆ ಎಂಬುದು ಇಲ್ಲಿ ಮುಖ್ಯವಲ್ಲ.

ಹೆಚ್ಚು ಚಿಂತೆ ಮಾಡಬೇಕಾದ್ದು ಬಾವಿಯ ಬಗ್ಗೆ. ಸರ್ವೆಯರ್‌ಗೆ ವರ್ಗದ ಗಡಿ ಗುರುತಿಸಿ ಅದರಿಂದ ಬಾವಿ, ಪಂಪ್‌ಶೆಡ್, ಮನೆಯ ಹಿಂಬದಿಯ ಮೂಲೆ ಎಷ್ಟು ದೂರ ಎಂದು ಬರೆದುಕೊಡಲು ಹೇಳಿ. ಕೊಟ್ಟಿಗೆ, ಬಚ್ಚಲು ಕುಮ್ಕಿಗೆ ಚಾಚಿರುವುದು ತುಂಬಾ ಕಡೆ ಇದೆ. ಬಾವಿ ಹೊರಗಿದ್ದರೆ, ವರ್ಗದ ಒಳಗೆ ಹೊಸ ಬಾವಿಗೆ ಜಾಗವೂ ನೀರೂ ಇದೆಯೇ ಎಂದು ನೋಡಿಯೇ ಮುಂದುವರಿಯಿರಿ. ‘ಅಕ್ರಮ ಸಕ್ರಮಕ್ಕೆ (ಸರಕಾರಿ ಜಾಗದ ಸಾಗುವಳಿ ಸಕ್ರಮಕ್ಕೆ) ಅರ್ಜಿ ಹಾಕಿದ್ದೇವೆ’ ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಅರ್ಜಿ ಅವರ ಹೆಸರಿನಲ್ಲಿರುತ್ತದೆ. ಮಂಜೂರಾಗಿದೆ ಎಂದರೆ ಹಕ್ಕುಪತ್ರ ತರಿಸಿ ಷರತ್ತು ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಾಗವಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರಕಾರದ ಅನುಮತಿಯಿಲ್ಲದ ಕ್ರಯ ನಿಲ್ಲುವುದಿಲ್ಲ.

ಜಾಗದ ಒಳಗೆ ನಾಗಬನವೋ ದೈವದ ಗುಡಿಯೋ ಇದ್ದರೆ ಅದನ್ನೂ ನಕ್ಷೆಯಲ್ಲಿ ಗುರುತಿಸಿ. ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಬರುವ ದಾರಿ ಎಷ್ಟು ಅಗಲ, ಎಲ್ಲಿಂದ ಎಂಬುದು ಕ್ರಯಪತ್ರದಲ್ಲಿ ಬಂದರೆ ಎರಡೂ ಕಡೆಯವರಿಗೆ ನೆಮ್ಮದಿ.

ಪ್ರಶ್ನೆ: ಸರ್ವೆ ನಂಬರ್ ನೋಡಲು ದಿಶಾಂಕ್ ಆ್ಯಪ್ ಇದೆಯಲ್ಲ, ಅದು ಸಾಲದೆ?
– ಓದುಗರೊಬ್ಬರು, ಬೈಂದೂರು

ನೀವು ನಿಂತ ಜಾಗ ಯಾವ ಸರ್ವೆ ನಂಬರಿನದು, ಹತ್ತಿರ ಸರಕಾರಿ ಜಾಗ ಇದೆಯೇ ಎಂದು ಮೊದಲ ನೋಟಕ್ಕೆ ತಿಳಿಯಲು ಅದು ಬಹಳ ಉಪಯೋಗಿ. ಗಡಿಗೆ ಬಾರದು. ಮೊಬೈಲಿನ ಜಿಪಿಎಸ್ ತೆರೆದ ಬಯಲಿನಲ್ಲೇ ಮೂರರಿಂದ ಐದು ಮೀಟರ್ ತಪ್ಪಬಹುದು, ತೆಂಗು ಅಡಿಕೆಯ ನೆರಳಿನಲ್ಲಿ ಇನ್ನೂ ಹೆಚ್ಚು. ಚೌಕಾಕಾರದ 10 ಸೆಂಟ್ಸ್ ಜಾಗದ ಒಂದು ಬದಿ ಸುಮಾರು 20 ಮೀಟರ್. ಒಂದು ಬದಿ ಒಂದೇ ಮೀಟರ್ ಸರಿದರೂ ಅರ್ಧ ಸೆಂಟ್ಸ್ ಹೋಯಿತು.

ಪ್ರಶ್ನೆ: ಮನೆ ಸುಮಾರು 60 ವರ್ಷ ಹಳೆಯದು. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹಿಂದೆ ಒಂದು ಟೆರೇಸ್ ಕೋಣೆ ಸೇರಿಸಿದ್ದಾರೆ. ಮನೆಯ ಹಿಂದೆ ದರೆ (ಗುಡ್ಡ ಕಡಿದ ಕಡಿದಾದ ಬದಿ) ಇದೆ. ಇಂಜಿನಿಯರ್‌ರನ್ನು ಕರೆದುಕೊಂಡು ಹೋದರೆ ಏನೇನು ನೋಡಲು ಹೇಳಬೇಕು?
– ಓದುಗರೊಬ್ಬರು, ಕುಂದಾಪುರ

ದರೆಯಿಂದ ಶುರು ಮಾಡಿ. ಮನೆಯ ಬೇರೆಲ್ಲ ದೋಷಕ್ಕೆ ದುಡ್ಡಿನಲ್ಲಿ ಪರಿಹಾರವಿದೆ, ಜೀವಕ್ಕೆ ಹೆಚ್ಚು ಅಪಾಯ ತರುವುದು ಇದು. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಶೇಡಿ ಮಣ್ಣು. ಮಳೆನೀರು ಕಲ್ಲಿನ ತೂತುಗಳಲ್ಲಿ ಇಳಿದು ಶೇಡಿಯನ್ನು ನೆನೆಸುತ್ತದೆ. ಒಣಗಿದಾಗ ಗೋಡೆಯಂತೆ ನಿಂತ ಆ ಮಣ್ಣು ನೆನೆದಾಗ ಬಲ ಕಳೆದುಕೊಂಡು ಜಾರುತ್ತದೆ, ಮೇಲಿನ ಕಲ್ಲನ್ನೂ ತರುತ್ತದೆ. ದರೆಯ ಮೈಯಲ್ಲಿ ಕೆಂಪು ಪದರದ ಕೆಳಗೆ ಬಿಳಿ, ಹಳದಿ, ನೇರಳೆ ಮಿಶ್ರಿತ ನುಣುಪು ಮಣ್ಣು ಕಂಡರೆ ಅದೇ ಶೇಡಿ. ದರೆಯ ಎತ್ತರದಷ್ಟಾದರೂ ದೂರ ಮನೆಗೆ ಇರಬೇಕು. ಮೇಲ್ಭಾಗದಲ್ಲಿ ನೆಲ ಬಿರುಕು ಬಿಟ್ಟಿದೆಯೇ, ಮರಗಳು ಮುಂದಕ್ಕೆ ವಾಲಿವೆಯೇ, ಇಂಗುಗುಂಡಿ ತೋಡಿದ್ದಾರೆಯೇ ಹತ್ತಿ ನೋಡಿ. ತಡೆಗೋಡೆ ಕಟ್ಟಿದ್ದರೆ ಅದರಲ್ಲಿ ನೀರು ಹೊರಬರುವ ಪೈಪುಗಳಿರಬೇಕು. ಪೈಪಿಲ್ಲದ ಗೋಡೆ ಹಿಂದಿನ ನೀರಿನ ಒತ್ತಡಕ್ಕೇ ಬೀಳುತ್ತದೆ.

ಮಾಡಿನಲ್ಲಿ ಹಂಚಿಗಿಂತ ಮರ ಮೊದಲು ಹೋಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹಂಚು, ಒಂದೊಂದು ಎರಡೂವರೆ ಕಿಲೋ ಆಸುಪಾಸು. ಮಳೆಗಾಲದಲ್ಲಿ ನೀರು ಹೀರಿ ಇನ್ನೂ ಭಾರ. ಪಕ್ಕಾಸು (ಹಂಚು ಹೊರುವ ಇಳಿಜಾರು ಮರ) ಗೋಡೆಯ ಮೇಲೆ ಕೂರುವ ತುದಿಯೇ ಮೊದಲು ಕುಂಬಾಗುವುದು, ಕೆಳಗೆ ನಿಂತರೆ ಅದು ಕಾಣಿಸುವುದಿಲ್ಲ. ಏಣಿ ಇಟ್ಟು ಹತ್ತಿ ಸ್ಕ್ರೂಡ್ರೈವರಿನಿಂದ ಒತ್ತಿ. ಅರ್ಧ ಇಂಚು ಸುಲಭವಾಗಿ ಇಳಿದರೆ ಆ ಪಕ್ಕಾಸು ಬದಲಿಸಬೇಕು. ಅಂಗಳದಿಂದ ಮಾಡಿನ ನೆತ್ತಿಯನ್ನು ನೋಡಿ, ನಡುವೆ ಬಗ್ಗಿದ್ದರೆ ತೊಲೆಯೇ ಸೋತಿದೆ. ಹೊಸ ಪೈಂಟು ಬಳಿದ ಮರವನ್ನು ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಒರಲೆ (ಗೆದ್ದಲು) ಕೆಲಸ ಮುಗಿಸಿದೆ.

ಮುರಕಲ್ಲಿನ ಗೋಡೆಯ ಬುಡದಿಂದ ಎರಡು ಮೂರು ಅಡಿವರೆಗೆ ಸಿಮೆಂಟು ಸಾರಣೆ ಉಬ್ಬಿದ್ದರೆ ನೆಲದ ತೇವ ಮೇಲೇರುತ್ತಿದೆ ಎಂದರ್ಥ. ಮೇಲೆ ಮೇಲೆ ಸಾರಣೆ ಹಾಕಿದರೆ ಅದು ಇನ್ನೂ ಎತ್ತರಕ್ಕೆ ಹೋಗುತ್ತದೆ. ಟೆರೇಸ್ ಕೋಣೆಯಲ್ಲಿ ಛಾವಣಿಯ ಅಡಿಯಲ್ಲಿ ಕಬ್ಬಿಣದ ಸಾಲಿಗೆ ಸರಿಯಾಗಿ ಬಿರುಕು, ತುಕ್ಕಿನ ಕಲೆ ಹುಡುಕಿ; ಕಡಲ ಗಾಳಿಯ ಊರುಗಳಲ್ಲಿ ಇದು ಬೇಗ ಬರುತ್ತದೆ. ಮೇಲೆ ಶೀಟು ಹಾಕಿರುವುದು ನಮ್ಮ ಮಳೆಗೆ ಮಾಮೂಲಿ ಏರ್ಪಾಡು, ಅದರಿಂದಲೇ ಸಂಶಯ ಪಡಬೇಕಾಗಿಲ್ಲ. ಹಳೆಯ ಗೋಡೆ ಮತ್ತು ಸೇರಿಸಿದ ಕೋಣೆ ಕೂಡುವಲ್ಲಿ ನೇರ ಬಿರುಕು ಇದ್ದರೆ ಅಡಿಪಾಯ ಬೇರೆ ಬೇರೆ ಕುಳಿತಿದೆ. ಬಿರುಕಿನ ಎರಡು ಬದಿಗೂ ಪೆನ್ಸಿಲ್ ಗುರುತು ಹಾಕಿ ಅಂತರ ಬರೆದಿಟ್ಟು, ತಿಂಗಳು ಬಿಟ್ಟು ಮತ್ತೆ ಅಳೆಯಿರಿ.

ಬಾವಿಯನ್ನು ಏಪ್ರಿಲ್–ಮೇಯಲ್ಲಿ, ಮಾಡನ್ನು ಜೂನ್–ಜುಲೈಯಲ್ಲಿ ನೋಡುವುದು ಸರಿ. ಎರಡೂ ಸಾಧ್ಯವಾಗದಿದ್ದರೆ ಕೊನೆಪಕ್ಷ ಮಳೆಗಾಲದಲ್ಲಿ ನೋಡಿ, ಬೇಸಗೆಯ ನೀರಿನ ಮಟ್ಟವನ್ನು ನೆರೆಮನೆಯಲ್ಲಿ ಕೇಳಿ. ಶೌಚದ ಗುಂಡಿಗೂ ಬಾವಿಗೂ 15 ಮೀಟರ್ ಅಂತರ ಇರಬೇಕು. ಮುರಕಲ್ಲಿನಲ್ಲಿ ನೀರು ಬೇಗ ಹರಿಯುವುದರಿಂದ ಪಕ್ಕದ ಮನೆಯ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೋಲಿಫಾರ್ಮ್ ಮತ್ತು ಕ್ಲೋರೈಡ್ ಪರೀಕ್ಷೆ ಮಾಡಿಸಿ. ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಿದರೆ, ಹೊಳೆಬದಿಯ ಊರಾದರೆ ಉಪ್ಪುನೀರು ಒಳಬರುತ್ತಿದೆಯೇ ಎಂದು ವಿಚಾರಿಸಿ.

ಪ್ರಶ್ನೆ: ಮನೆಯವರೆಗೆ ಕಾರು ಹೋಗುತ್ತದೆ. ದಾರಿಯ ಬಗ್ಗೆ ಬೇರೇನಾದರೂ ನೋಡಬೇಕೆ?
– ಓದುಗರೊಬ್ಬರು, ಕಾಪು

ಇವತ್ತು ಕಾರು ಹೋಗುವುದು ನೆರೆಯವರ ಒಳ್ಳೆಯತನದಿಂದಲೂ ಇರಬಹುದು. ಗ್ರಾಮ ನಕ್ಷೆಯಲ್ಲಿ ಆ ದಾರಿ ಇದೆಯೇ, ಪಂಚಾಯತ್ ರಸ್ತೆಯ ಪಟ್ಟಿಯಲ್ಲಿ ಇದೆಯೇ ನೋಡಿ. ಪಂಚಾಯತ್ ಕಾಂಕ್ರೀಟು ಹಾಕಿದ ಮಾತ್ರಕ್ಕೆ ನೆಲ ಪಂಚಾಯತ್‌ದ್ದು ಆಗುವುದಿಲ್ಲ. ಖಾಸಗಿ ಜಾಗದ ಮೇಲೆ ಹೋಗುವುದಾದರೆ ಸರ್ವೆ ನಂಬರ್, ಅಗಲ, ವಾಹನದ ಹಕ್ಕು ಮೂರನ್ನೂ ಆ ಜಾಗದ ಮಾಲೀಕರಿಂದ ನೋಂದಾಯಿತ ಪತ್ರದಲ್ಲಿ ಪಡೆಯಬೇಕು. ‘ಮಾಮೂಲು ದಾರಿ’ ಎಂದಷ್ಟೇ ಬರೆದರೆ ನಡೆದು ಹೋಗುವ ದಾರಿ ಎಂದು ವಾದ ಬರುತ್ತದೆ. ಮುಂದೆ ಕಟ್ಟುವ ಆಲೋಚನೆ ಇದ್ದರೆ ಭೂಪರಿವರ್ತನೆ ಆದೇಶ, ಏಕ ನಿವೇಶನ ವಿನ್ಯಾಸದ ಅನುಮೋದನೆ, ಪಂಚಾಯತ್‌ನ 9 ಮತ್ತು 11ರ ನಮೂನೆ (ಆಸ್ತಿ ದಾಖಲೆ) ಈಗಲೇ ಕೇಳಿ. ಕಾಪುವಿನಂಥ ಕಡಲ ಊರಿನಲ್ಲಿ ಅಥವಾ ಉಬ್ಬರ ಬರುವ ಹೊಳೆಯ ಬದಿಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯ ಮೇಲೂ ಜಾಗವನ್ನು ಗುರುತಿಸಿ ನೋಡಲೇಬೇಕು.

ಪ್ರಶ್ನೆ: 25 ಸೆಂಟ್ಸ್ ಎಂದಿದ್ದ ಜಾಗ ಅಳತೆಗೆ 23 ಬಂತು. ಮಾರುವವರು ‘ಪತ್ರದಲ್ಲಿ 25 ಇದೆಯಲ್ಲ’ ಎನ್ನುತ್ತಾರೆ. ಏನು ಮಾಡುವುದು?
– ಓದುಗರೊಬ್ಬರು, ಬಂಟ್ವಾಳ

ಎರಡು ಸೆಂಟ್ಸ್ ಎಲ್ಲಿ ಹೋಯಿತು ಎಂದು ಸರ್ವೆಯರ್ ತೋರಿಸಬೇಕು. ರಸ್ತೆ ಅಗಲ ಮಾಡುವಾಗ ಹೋಗಿದ್ದರೆ, ಇಲ್ಲವೇ ಹಳೆಯ ಪತ್ರ ಬರೆದಾಗಲೇ ಲೆಕ್ಕ ತಪ್ಪಿದ್ದರೆ ಅದು ಮರಳಿ ಬಾರದು; ಸೆಂಟ್ಸ್ ಲೆಕ್ಕದಲ್ಲಿ ರೇಟು ಇಳಿಸಿ ಮುಂದುವರಿಯಬಹುದು. ನೆರೆಯವರ ಪಾಗಾರದ ಒಳಗೆ ಇದ್ದರೆ ಅದನ್ನು ಬಿಡಿಸಿಕೊಡುವ ಕೆಲಸ ಮಾರುವವರದ್ದು, ಕ್ರಯಕ್ಕೆ ಮೊದಲೇ ಆಗಬೇಕು. ‘ನೀವು ತೆಗೆದುಕೊಂಡ ಮೇಲೆ ಕೇಸು ಹಾಕಿ’ ಎಂಬ ಸಲಹೆಯನ್ನು ಒಪ್ಪಬೇಡಿ. ಅಳತೆಗೆ ಹೆಚ್ಚು ಬಂದರೂ ಖುಷಿಪಡುವಂತಿಲ್ಲ, ಆ ಹೆಚ್ಚಿನದು ಸರಕಾರದ್ದೋ ನೆರೆಯವರದ್ದೋ ಆಗಿರುತ್ತದೆ.

ಅಗ್ರಿಮೆಂಟಿನಲ್ಲಿ ಸೆಂಟ್ಸ್‌ಗೆ ಇಂತಿಷ್ಟು ಎಂದೇ ಬರೆಸಿ, ಹದ್ದುಬಸ್ತಿನ ಅಳತೆಗೆ ಸಿಕ್ಕ ವಿಸ್ತೀರ್ಣದ ಮೇಲೆ ಅಂತಿಮ ಮೊತ್ತ ನಿಗದಿಯಾಗುತ್ತದೆ ಮತ್ತು ಗಡಿ ತಕರಾರು ಬಂದರೆ ಅಡ್ವಾನ್ಸ್ ಪೂರ್ತಿ ವಾಪಸು ಎಂಬ ಎರಡು ಷರತ್ತು ಸೇರಿಸಿ. ಕ್ರಯಪತ್ರದಲ್ಲಿ 23 ಸೆಂಟ್ಸ್ ಎಂದೇ ನಮೂದಿಸಿ, ನಾಲ್ಕೂ ಬದಿಯ ಅಳತೆ ಮತ್ತು ಕರ್ಣವನ್ನು ಮೀಟರಿನಲ್ಲಿ ಬರೆದು, ಸರ್ವೆ ನಕ್ಷೆಗೆ ಎರಡೂ ಕಡೆಯವರ ಸಹಿ ಹಾಕಿಸಿ ಪತ್ರಕ್ಕೆ ಲಗತ್ತಿಸಿ.