ಅಂಕವನ್ನು ಮಗನೇ ಹೇಳಲಿ

ಉಡುಪಿಯ ಓದುಗರೊಬ್ಬರ ಪತ್ರದ ಸಾರ: ಪತಿ ಹನ್ನೊಂದು ವರ್ಷಗಳಿಂದ ಕುವೈತ್‌ನಲ್ಲಿದ್ದಾರೆ, ಎರಡು ವರ್ಷಕ್ಕೊಮ್ಮೆ 40 ದಿನಗಳ ರಜೆಯಲ್ಲಿ ಬರುತ್ತಾರೆ. ಒಂಬತ್ತನೆಯ ತರಗತಿ ಮುಗಿಸಿದ ಮಗನಿಗೆ ಗಣಿತದಲ್ಲಿ ನೂರಕ್ಕೆ 41 ಅಂಕ ಬಂದಿರುವುದನ್ನು ಅವರಿಗೆ ಹೇಳಿಲ್ಲ. ಬೇಸಗೆ ರಜೆಯಲ್ಲಿ ಕೋಚಿಂಗ್‌ಗೆ ಸೇರಿಸಲು ಅವರು ಹಣ ಕಳುಹಿಸಿದ್ದಾರೆ; ಮಗ ಪ್ರತಿವರ್ಷದಂತೆ ಕಾರ್ಕಳದ ಸಮೀಪದ ಅಜ್ಜಿಮನೆಗೇ ಹೋಗುತ್ತೇನೆಂದು ಹಟ ಹಿಡಿದಿದ್ದಾನೆ. ಕಳೆದ ವರ್ಷ ಅವನು ಅಲ್ಲಿದ್ದಾಗ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದಾನೆಂದು ಸುಳ್ಳು ಹೇಳಿದ್ದೇನೆ, ಜೂನ್‌ನಲ್ಲಿ ಪತಿ ಬಂದಾಗ ಎಲ್ಲವೂ ಬಯಲಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದಾರೆ.

ಸಹೋದರಿ, ಮಗನ ಓದಿನ ಬಗ್ಗೆ ತಂದೆಗೆ ಗೊತ್ತಿರುವುದೆಲ್ಲ ನಿಮ್ಮ ಬಾಯಿಂದಲೇ ಗೊತ್ತಾದದ್ದು ಎಂಬುದು ನಿಮ್ಮ ಪತ್ರದಲ್ಲಿ ನನ್ನನ್ನು ಬಹಳ ಕಾಡಿತು. ನನ್ನ ತಂದೆ ಮುಂಬೈಯ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅಮ್ಮ ನೀಲಿ ಬಣ್ಣದ ಅಂತರ್ದೇಶೀಯ ಪತ್ರದ ಕೊನೆಯ ಮಡಿಕೆಯನ್ನು ನನಗೆಂದೇ ಖಾಲಿ ಬಿಡುತ್ತಿದ್ದರು. ಅಲ್ಲಿ ನಾನು ಬರೆದದ್ದನ್ನು ಅವರು ತಿದ್ದುತ್ತಿರಲಿಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಸುದ್ದಿಯೂ, ಗಬ್ಬದ ದನ ಕರು ಹಾಕಿದ ಸುದ್ದಿಯೂ ಒಂದೇ ಮಡಿಕೆಯಲ್ಲಿ ಹೋಗುತ್ತಿದ್ದವು. ನಿಮ್ಮ ಮಗನಿಗೆ ಅಂಥದೊಂದು ಜಾಗ ಇದುವರೆಗೆ ಸಿಕ್ಕಿಲ್ಲ.

ಕಂಪ್ಯೂಟರ್ ತರಗತಿಯ ಸುಳ್ಳು ನಿಮ್ಮದು. ಅದನ್ನು ಪತಿ ವಿಮಾನ ಹತ್ತುವ ಮೊದಲೇ, ಮಗನಿಲ್ಲದ ಹೊತ್ತಿನಲ್ಲಿ, ನೀವೇ ಹೇಳಿಬಿಡಬೇಕು. ಅವರು ಸಿಟ್ಟಾಗಬಹುದು, ಹೊರಲಾರದ ಸಿಟ್ಟೇನೂ ಅದಾಗದು. ಆದರೆ ಹದಿನೈದರ ಹುಡುಗ ಅಮ್ಮನ ಸುಳ್ಳನ್ನು ಕಾಪಾಡುತ್ತ ಅಪ್ಪನೊಡನೆ ನಲವತ್ತು ದಿನ ಕಳೆಯುವಂತಾಗಬಾರದು. ಇದರಲ್ಲಿ ನಿಮಗೆ ರಿಯಾಯಿತಿ ಕೊಡಲು ನನಗೆ ಮನಸ್ಸಿಲ್ಲ.

41 ಅಂಕದ ಸುದ್ದಿಯನ್ನು ಮಾತ್ರ ಅವನೇ ಹೇಳಲಿ. ಪತಿ ರಾತ್ರಿ ಎಂಟಕ್ಕೆ ಕರೆ ಮಾಡುತ್ತಾರೆಂದು ಬರೆದಿದ್ದೀರಿ. ಕುವೈತ್‌ನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ ಆಗ ಇಲ್ಲಿ ಹತ್ತೂವರೆ, ಮಗ ತೂಕಡಿಸುತ್ತಾನೆ, ಅವರು ದಣಿದಿರುತ್ತಾರೆ, ಮಾತು "ಓದಿದೆಯಾ?", "ಹೌದು" ಎಂಬಲ್ಲಿಗೆ ಮುಗಿಯುತ್ತದೆ. ಶುಕ್ರವಾರ ಅಲ್ಲಿ ವಾರದ ರಜೆ. ಅವರ ಸಂಜೆ ನಾಲ್ಕಕ್ಕೆ, ಅಂದರೆ ನಮ್ಮ ಆರೂವರೆಗೆ, ತಂದೆ ಮಗ ಇಬ್ಬರೇ ಮಾತನಾಡುವಂತೆ ಏರ್ಪಾಡು ಮಾಡಿ.

ಅಜ್ಜಿಮನೆಗೆ ಅವನನ್ನು ಕಳುಹಿಸಿ ಎಂದೇ ನಾನು ಹೇಳುತ್ತೇನೆ. ಹಲಸಿನ ಹಪ್ಪಳಕ್ಕೆ ಸೊಳೆ ಬಿಡಿಸುವುದು, ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವುದು, ಮಾವನೊಡನೆ ರಾತ್ರಿಯಿಡೀ ಬಯಲಾಟ ನೋಡಿ ಬೆಳಗ್ಗೆ ನಿದ್ದೆಗಣ್ಣಲ್ಲಿ ಮರಳುವುದು, ಇವೆಲ್ಲ ಅವನ ತಂದೆಯೂ ಬಾಲ್ಯದಲ್ಲಿ ಕಂಡಿರಬಹುದಾದ ಸಂಗತಿಗಳು. ಅಂಕದ ಹೊರತು ಮಗನಲ್ಲಿ ಕೇಳಲು ಅವರಿಗೆ ಬೇರೆ ಪ್ರಶ್ನೆ ಹೊಳೆಯದಿರುವುದಕ್ಕೆ, ಈ ಸುದ್ದಿಗಳನ್ನು ನೀವು ಮುಚ್ಚಿಟ್ಟದ್ದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಹಾಗೆಂದು ಗಣಿತವನ್ನು ಬಿಡುವಂತಿಲ್ಲ. ಬಹುಪದೋಕ್ತಿಗಳು, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು ಕೈಗೆ ಹತ್ತದಿದ್ದರೆ ಹತ್ತನೆಯ ತರಗತಿಯ ವರ್ಗ ಸಮೀಕರಣಗಳು ಖಂಡಿತ ತೊಡಕಾಗುತ್ತವೆ. ಹೊಸ ಪಾಠವನ್ನು ಮುಂಚಿತವಾಗಿ ಓಡಿಸುವ ಕೋಚಿಂಗ್‌ನಿಂದ ಈ ಕೊರತೆ ತುಂಬುವುದಿಲ್ಲ. ಆದ್ದರಿಂದ ಒಂಬತ್ತನೆಯ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಡಿ. ಬೆಳಗ್ಗೆ ಬಿಸಿಲೇರುವ ಮೊದಲು ಒಂದೂವರೆ ಗಂಟೆ ಲೆಕ್ಕ ಮಾಡಲಿ, ಬಿಡಿಸಲಾಗದ ಲೆಕ್ಕಗಳಿಗೆ ಗುರುತು ಹಾಕಿಡಲಿ. ಮೇ 24ರ ಸುಮಾರಿಗೆ ಪತ್ತನಾಜೆ (ತುಳುವರ ಬೇಶ ತಿಂಗಳ ಹತ್ತನೆಯ ದಿನ) ಬಂದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಹೊತ್ತಿಗೆ ಉಡುಪಿಗೆ ಮರಳಿ, ಶಾಲೆ ತೆರೆದೊಡನೆ ಆ ಪುಟಗಳನ್ನು ಗಣಿತದ ಶಿಕ್ಷಕರ ಮುಂದಿಡಲಿ. ಬಂದ ಹಣವನ್ನು ಹಾಗೆಯೇ ಇಟ್ಟಿರಿ; ಆಮೇಲೆ ಟ್ಯೂಷನ್ ಬೇಕೇ ಎಂಬುದನ್ನು ಜೂನ್‌ನಲ್ಲಿ ಮೂವರೂ ಕುಳಿತು ತೀರ್ಮಾನಿಸಿ.

ಈ ಶುಕ್ರವಾರ ಆರೂವರೆಗೆ ಫೋನನ್ನು ಮಗನ ಕೈಗೆ ಕೊಟ್ಟು ನೀವು ಅಡುಗೆಮನೆಗೆ ಹೋಗಿ. ಅವನು ತಡವರಿಸುವುದು ಕೇಳಿಸಿದರೂ ನಡುವೆ ಬಂದು ಮಾತು ಜೋಡಿಸಬೇಡಿ.