53ರ ವಯಸ್ಸಲ್ಲಿ ಡ್ರಾಯಿಂಗ್ ಬಿಟ್ಟು ನೇರವಾಗಿ ಮೈಸೂರು ಶೈಲಿ ಚಿತ್ರ ಕಲಿಯಬಹುದೇ? ಅಥವಾ ರಿಟೈರ್ ಆಗುವವರೆಗೆ ಕಾಯಲೇ?

ಮೇಡಂ, "ಈ ವಯಸ್ಸಲ್ಲಿ ಡ್ರಾಯಿಂಗ್‌ನಿಂದ ಶುರು ಮಾಡುವಷ್ಟು ಟೈಮಿಲ್ಲ" ಅಂತ ಬರೆದಿದ್ದೀರಲ್ಲ, ಅದೇ ಮಾತನ್ನು ನಾನೂ ಆಡಿದ್ದೆ. ನಾನೂ ಮಂಡ್ಯದವಳೇ. ನಿಮ್ಮ ಹಾಗೆ ಮೈಸೂರಿನ ಕೆಲಸಕ್ಕೆ ದಿನಾ ಟ್ರೈನಲ್ಲಿ ಓಡಾಡಿದವಳು.

ಹೈಸ್ಕೂಲಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸಾಗಿತ್ತು. ಆಮೇಲೆ ನೌಕರಿ, ಮದುವೆ, ಮಕ್ಕಳು, ಅತ್ತೆಯವರ ಆರೈಕೆ. ನೆಂಟರನ್ನು ಜಗನ್ಮೋಹನ ಅರಮನೆ ತೋರಿಸಲು ಕರೆದುಕೊಂಡು ಹೋದಾಗ ಅವರೆಲ್ಲ ರವಿವರ್ಮನ ಚಿತ್ರಗಳ ಮುಂದೆ ನಿಂತರೆ, ನಾನು ನಮ್ಮ ಹಳೇ ಮೈಸೂರು ಪಟಗಳ ಮುಂದೆ ನಿಂತುಬಿಡುತ್ತಿದ್ದೆ. ಐವತ್ತು ದಾಟಿದ ಮೇಲೆ ಧೈರ್ಯ ಮಾಡಿ ಒಂದು ತರಗತಿಗೆ ಸೇರಿದೆ. ಮೊದಲ ದಿನವೇ ಬೋರ್ಡು, ಸರಸ್ವತಿಯ ಅಚ್ಚು ಹಾಕಿದ ನಕ್ಷೆ (ಗೆರೆಚಿತ್ರ), ಕಾರ್ಬನ್ ಹಾಳೆ ಕೈಗೆ ಕೊಟ್ಟರು. ಕಾರ್ಬನ್ ಇಟ್ಟು ಆ ನಕ್ಷೆಯನ್ನು ಖುಷಿಯಿಂದಲೇ ಬೋರ್ಡಿಗೆ ಇಳಿಸಿಕೊಂಡೆ.

ನನ್ನ ವರ್ಷಗಳನ್ನು ತಿಂದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮೈಸೂರು ಶೈಲಿಯಲ್ಲಿ ಮೊದಲು ನಕ್ಷೆ. ಆಮೇಲೆ ಒಡವೆ, ಸೀರೆಯ ಅಂಚು, ಪ್ರಭಾವಳಿ ಬರುವ ಕಡೆ ಗೆಸ್ಸೋ ಎಂಬ ಉಬ್ಬು ಕೆಲಸ: ಸಫೇದ ಎಂಬ ಬಿಳಿ ಪುಡಿ, ರೇವಲ್ಚಿನ್ನಿ ಹಾಲು (ಹಳದಿ ಮರದಂಟು), ಅಂಟು ಕಲಸಿ ಕುಂಚದ ತುದಿಯಲ್ಲಿ ಎಳೆಯೆಳೆಯಾಗಿ ಎತ್ತುವುದು. ಅದರ ಮೇಲೆ ಚಿನ್ನದ ರೇಕು. ಆಮೇಲೆ ಬಣ್ಣ. ಬಣ್ಣ ತುಂಬಿದ ತಕ್ಷಣ ಕೆಳಗಿನ ನಕ್ಷೆ ಮುಚ್ಚಿಹೋಗುತ್ತದೆ. ಹುಬ್ಬು, ರೆಪ್ಪೆ, ತುಟಿ, ಬೆರಳ ಸಂದು ಎಲ್ಲವನ್ನೂ ಕೊನೆಯಲ್ಲಿ ಸಣ್ಣ ಕುಂಚ ಹಿಡಿದು ಮತ್ತೆ ಬರೆಯಬೇಕು. ಆ ಹೊತ್ತಿಗೆ ಕಾರ್ಬನ್ ಇರುವುದಿಲ್ಲ, ಇರುವುದು ನಿಮ್ಮ ಕೈ ಮಾತ್ರ. ಅಂದರೆ ಶುರುವಿನಲ್ಲಿ ನಾನು ತಪ್ಪಿಸಿಕೊಂಡ ಡ್ರಾಯಿಂಗ್ ಕೊನೆಯಲ್ಲಿ, ಅತಿ ಕಷ್ಟದ ಜಾಗದಲ್ಲಿ, ಚಿನ್ನ ಹಾಕಿ ಮುಗಿಸಿದ ಚಿತ್ರದ ಮೇಲೆ ಎದುರಾಯಿತು. ತಂಜಾವೂರಿನ ಚಿತ್ರವಾದರೆ ಗೆಸ್ಸೋ ದಪ್ಪ, ಕಲ್ಲು ಕೂರಿಸುತ್ತಾರೆ, ಕಣ್ಣು ಆ ಕಡೆ ಹೋಗುತ್ತದೆ. ನಮ್ಮದು ತೆಳು. ಗೆರೆ ಸೋತರೆ ಅಡಗಲು ಜಾಗವೇ ಇಲ್ಲ.

ನನ್ನ ಸರಸ್ವತಿಯ ವೀಣೆ ಹಿಡಿದ ಬೆರಳುಗಳೆಲ್ಲ ಒಂದೇ ದಪ್ಪ, ಗೆಣ್ಣೇ ಇರಲಿಲ್ಲ. ಬಳೆಗೆ, ಉಂಗುರಕ್ಕೆ ಇನ್ನಷ್ಟು ಚಿನ್ನ ಹಾಕಿದೆ. ಮನೆಯವರು ಹೊಗಳಿದರು, ನೆಂಟರು ಬೇಕೆಂದು ಕೇಳಿ ತಗೊಂಡರು. ಹಾಗೇ ಇಳಿಸಿ ಇಳಿಸಿ ವರ್ಷಗಳು ಹೋದವು.

ತಂಗಿ ಮಗಳು ತನ್ನ ಮದುವೆಗೆ ನಿಂತ ಭಂಗಿಯ ಗೌರಿಯ ಚಿತ್ರ ಬೇಕು ಅಂದಳು. ನನಗೆ ಬೇಕಾದಂಥ ನಕ್ಷೆ ಎಲ್ಲೂ ಸಿಗಲಿಲ್ಲ. ನಾನೇ ಬರೆಯೋಣವೆಂದು ಕೂತೆ. ಸೆರಗು ಭುಜದಿಂದ ಇಳಿದು ಸೊಂಟದ ಹತ್ತಿರ ಎಲ್ಲಿ ತಿರುಗುತ್ತದೆ, ನಿರಿಗೆ ಎಲ್ಲಿಂದ ಬಿಚ್ಚಿಕೊಳ್ಳುತ್ತದೆ, ಒಂದೂ ಕೈಗೆ ಬರಲಿಲ್ಲ. ಹರೆಯದಿಂದ ದಿನಾ ಸೀರೆ ಉಟ್ಟವಳು ನಾನು. ಅವತ್ತು ಅತ್ತಿದ್ದೇನೆ.

ಆಮೇಲೆ ಚಿನ್ನ ಎತ್ತಿಟ್ಟು ಪೆನ್ಸಿಲ್ ಹಿಡಿದೆ. ಟ್ರೈನಲ್ಲಿ ಎದುರು ಕೂತವರ ಕೈ ಬರೆದೆ, ನಿದ್ದೆ ಹೋದವರ ಮುಖ ಬರೆದೆ. ರಜೆ ಸಿಕ್ಕಾಗ ಶ್ರೀರಂಗಪಟ್ಟಣದಲ್ಲಿ ಇಳಿದು ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗುತ್ತಿದ್ದೆ. ಅಲ್ಲಿ ಪಶ್ಚಿಮದ ಗೋಡೆಯ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸಾಲು ಸಾಲು ಕುದುರೆ, ಪಲ್ಲಕ್ಕಿಯಲ್ಲಿ ಸೋತ ಇಂಗ್ಲಿಷ್ ದಂಡಿನ ಕರ್ನಲ್ ಬೇಯ್ಲಿ. ಎಲ್ಲರೂ ಟಿಪ್ಪುವನ್ನು ಹುಡುಕಿ ಹೊರಡುತ್ತಾರೆ; ನೀವು ಕುದುರೆಗಳ ಕಾಲು ನೋಡಿ. ಒಂದೇ ಉಸಿರಲ್ಲಿ ಎಳೆದ ಗೆರೆ, ತೊಡೆಯ ಹತ್ತಿರ ತುಂಬಿಕೊಂಡು ಗೊರಸಿನ ಹತ್ತಿರ ಸಣ್ಣಗಾಗುತ್ತದೆ. ಕಾರ್ಬನ್ ಗೆರೆ ಯಾವತ್ತೂ ಹಾಗೆ ಉಸಿರಾಡುವುದಿಲ್ಲ.

ಹಾಗಾಗಿ ಟೈಮಿಲ್ಲ ಅನ್ನುವ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಟೈಮ್ ಕಮ್ಮಿ ಇರುವವರೇ ಮೊದಲು ಡ್ರಾಯಿಂಗ್ ಕಲಿಯಬೇಕು, ಯಾಕೆಂದರೆ ಹಿಂದಕ್ಕೆ ಬಂದು ಮತ್ತೆ ಶುರು ಮಾಡುವಷ್ಟು ವರ್ಷ ನಮ್ಮ ಹತ್ತಿರ ಇಲ್ಲ. ರಿಟೈರ್ ಆಗಲಿ ಅಂತ ಕಾಯುವುದೂ ಬೇಡ. ಕೆಲಸ ಬಿಡುವುದೂ ಬೇಡ, ನಿಮ್ಮ ಟ್ರೈನ್ ಇದೆಯಲ್ಲ. ಮೈಸೂರಿನ ಕಾವಾ ಕಲಾ ಕಾಲೇಜಿನಂಥ ಕಡೆ ಡಿಗ್ರಿ ಮಾಡಲೇಬೇಕು ಅಂತಲೂ ಇಲ್ಲ. ತರಗತಿಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಕ್ಷೆ ನಾವೇ ಬರೆಯಬೇಕಾ, ನೀವು ಕೊಡುತ್ತೀರಾ? ಕೊಡುತ್ತೇವೆ ಅಂದರೆ ಎದ್ದು ಬನ್ನಿ. ಹಿಂದಿನವರು ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ ನಕ್ಷೆ ಹಾಕುತ್ತಿದ್ದರು. ನೀವೂ ಇದ್ದಿಲು ಹಿಡಿದು ನೋಡಿ, ಬಟ್ಟೆಯಲ್ಲಿ ಕೊಡವಿದರೆ ಹೋಗುತ್ತದೆ, ತಪ್ಪಲು ಹೆದರಿಕೆ ಆಗುವುದಿಲ್ಲ. ಓದುವ ಕನ್ನಡಕದ ನಂಬರ್ ಒಮ್ಮೆ ಸರಿಯಾಗಿ ನೋಡಿಸಿಕೊಳ್ಳಿ, ರೆಪ್ಪೆಯ ಗೆರೆಗೆ ಅದು ಬೇಕೇ ಬೇಕು.

ಮಾರಾಟದ ಬಗ್ಗೆಯೂ ಕೇಳಿದ್ದಿರಿ. ಇಳಿಸಿದ ಚಿತ್ರವೂ ಹೋಗುತ್ತದೆ, ನನ್ನವೂ ಹೋಗಿವೆ. ನಾನೇ ಬರೆದ ನಿಂತ ಗೌರಿಯನ್ನು ಮಾತ್ರ ಯಾರು ಕೇಳಿದರೂ ಮಾರಲಿಲ್ಲ. ಅದು ತಂಗಿ ಮಗಳ ಮನೆಯಲ್ಲಿದೆ, ಮದುವೆಯಾಗಿ ಎಷ್ಟೋ ಕಾಲವಾದ ಮೇಲೆ ತಲುಪಿಸಿದೆ.