ಫಿಲ್ಲಿಂಗ್ ಒರಟಾಗಿದೆ, ಪಾಲಿಶ್ ಮಾಡಿಸ್ಲೇಬೇಕಾ?

ಚಿಂತಾಮಣಿಯಿಂದ ಕೇಳಿದೀರಲ್ಲ, ಮುಂದಿನ ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕ್ಸಿ ಹದಿನೈದು ದಿನ ಆಯ್ತು, ನಾಲಿಗೆಗೆ ಒರಟೊರಟು ಅನ್ಸತ್ತೆ, ಡಾಕ್ಟ್ರು ಪಾಲಿಶ್‌ಗೆ ಬನ್ನಿ ಅಂತಾರೆ, ಇದು ದುಡ್ಡು ಕೀಳೋಕಾ ಅಂತ. ಅಲ್ಲ ಸಾರ್, ದಯವಿಟ್ಟು ಹೋಗಿ. ನಾನು ಕೋಲಾರದಲ್ಲಿ ಹಲ್ಲಿನ ಡಾಕ್ಟ್ರು, ದಿನಾ ಇದೇ ಕೆಲಸ. ಅರ್ಧ ಮೈಕ್ರಾನ್‌ನಷ್ಟು (ಒಂದು ಮಿಲಿಮೀಟರ್‌ನ ಸಾವಿರ ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಮೈಕ್ರಾನ್) ಏರುಪೇರಿದ್ರೂ ನಾಲಿಗೆಗೆ ಗೊತ್ತಾಗತ್ತೆ, ಬ್ಯಾಕ್ಟೀರಿಯಾಗಂತೂ 0.2 ಮೈಕ್ರಾನ್ ದಾಟಿದ್ರೆ ಸಾಕು, ಪಾಚಿ ಜಾಸ್ತಿ ಕೂರತ್ತೆ, ಕಾಫಿ ಟೀ ಕಲೆ ಹಿಡ್ಕೊಳತ್ತೆ, ಪಕ್ಕದ ವಸಡೂ ಊದ್ಕೊಬಹುದು.

ಬಿಳಿ ಫಿಲ್ಲಿಂಗ್ ಸಾಮಾನ್ಯವಾಗಿ ಕಾಂಪೋಸಿಟ್ ಆಗಿರತ್ತೆ, ಅಂದ್ರೆ ಮೆತ್ತಗಿನ ರೆಸಿನ್ (ಪ್ಲಾಸ್ಟಿಕ್ ಥರದ ಅಂಟು) ಒಳಗೆ ಗಟ್ಟಿ ಗಾಜಿನ ಪುಡಿ. ಬರ್ (ತಿರುಗೋ ಡ್ರಿಲ್ಲಿನ ತುದಿ) ಹಾಕಿ ಶೇಪ್ ಕೊಡುವಾಗ ರೆಸಿನ್ ಬೇಗ ಸವೆದು ಗಾಜಿನ ಕಣ ಎದ್ದು ನಿಲ್ಲತ್ತೆ, ಕೆಲವು ಕಿತ್ಕೊಂಡು ಗುಳಿ ಬೀಳತ್ತೆ. ಅದಕ್ಕೇ ಬಡಗಿ ಉಪ್ಪು ಕಾಗದನ ಒರಟಿಂದ ನಯಕ್ಕೆ ಬದಲಾಯಿಸ್ತಾ ಹೋದಂಗೆ ನಾವು ಅಲ್ಯೂಮಿನಿಯಂ ಆಕ್ಸೈಡ್ ಡಿಸ್ಕ್ ಒಂದಾದ್ಮೇಲೊಂದು ಹಾಕ್ತೀವಿ, ಮಧ್ಯೆ ಮಧ್ಯೆ ನೀರು ಬಿಟ್ಟು ತೊಳೀತೀವಿ, ಇಲ್ಲಾಂದ್ರೆ ಹಿಂದಿನ ಡಿಸ್ಕಿನ ಪುಡಿನೇ ಗೀರು ಹಾಕತ್ತೆ, ಕೊನೆಗೆ ಡೈಮಂಡ್ ಪೇಸ್ಟ್. ಒಂದು ಹಂತ ಬಿಟ್ರೂ ಗೀರು ಉಳ್ಕೊಳತ್ತೆ. ಎಂಜಲಲ್ಲಿ ಒದ್ದೆಯಾಗಿದ್ದಾಗ ಎಲ್ಲಾ ಫಿಲ್ಲಿಂಗೂ ಫಳಫಳ ಅನ್ನತ್ತೆ, ಗಾಳಿ ಊದಿ ಒಣಗಿಸಿದ ಮೇಲೂ ಹೊಳೀಬೇಕು, ಅದು ಪಾಲಿಶ್.

ಹಾಕಿರೋದು ಯಾವ ಮೆಟೀರಿಯಲ್ ಅಂತ್ಲೂ ಕೇಳಿ, ಗ್ಲಾಸ್ ಅಯಾನಮರ್ (ಹಲ್ಲಿನ ಬಣ್ಣದ್ದೇ ಇನ್ನೊಂದು ಥರದ ಸಿಮೆಂಟ್ ಫಿಲ್ಲಿಂಗ್) ಆಗಿದ್ರೆ ಎಷ್ಟು ತಿಕ್ಕಿದ್ರೂ ಕಾಂಪೋಸಿಟ್‌ನಷ್ಟು ನಯ ಬರಲ್ಲ. ಅಲ್ಲಿವರೆಗೂ ಉಗುರಲ್ಲಿ ಕೆರೀಬೇಡಿ, ಗಟ್ಟಿ ಬ್ರಷ್ ಬೇಡ. ಹಲ್ಲಿನ ಸಂದಿ ಕ್ಲೀನ್ ಮಾಡೋ ಫ್ಲಾಸ್ ದಾರ ಫಿಲ್ಲಿಂಗ್ ಅಂಚಲ್ಲಿ ಸಿಕ್ಕಿ ಹರೀತಿದ್ರೆ ಅದನ್ನೂ ಮರೀದೆ ತೋರ್ಸಿ.